ಮೊದಲು ನಕಲು, ಆಮೇಲೆ ರಿಪೇರಿ: ತೋಟದ ಮನೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಸುತ್ತಿನ ತೋಟದ ಮನೆಗಳಲ್ಲಿ ಚೆಕ್‌ರೋಲ್ ಪುಸ್ತಕದ ಪಕ್ಕದಲ್ಲಿ ಈಗ ಒಂದು ಹಳೇ ಲ್ಯಾಪ್‌ಟಾಪ್ ಇರುತ್ತದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಹೊಸದು ಕೊಂಡಾಗ ಹಳೆಯದು ಊರಿಗೆ ಬಂದಿರುತ್ತದೆ. ಕೂಲಿ ಬಟವಾಡೆ, ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಚೀಲಗಳ ಲೆಕ್ಕ, ಮೊಮ್ಮಕ್ಕಳ ಫೋಟೊ, ವರ್ಷಗಟ್ಟಲೆಯ ಮಳೆ ಲೆಕ್ಕ ಎಲ್ಲವೂ ಅದರೊಳಗೆ. ಜೂನ್ ತಿಂಗಳ ಒಂದು ಸಂಜೆ ಅದು ‘ಡಿಸ್ಕ್ ಎರರ್’ ಎಂದು ನಿಂತುಬಿಡುತ್ತದೆ. ಊರಿಂದ ಫೋನ್ ಬರುತ್ತದೆ. ಆ ಫೋನ್ ಎತ್ತುವವರಿಗಾಗಿ ಈ ಸೂತ್ರಗಳು. ಹೊಸ ಡಿಸ್ಕ್ ಕೆಲವು ಸಾವಿರ ರೂಪಾಯಿಗೆ ಚಿಕ್ಕಮಗಳೂರಿನಲ್ಲೇ ಸಿಗುತ್ತದೆ, ಒಳಗಿರುವುದು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹಾಗಾಗಿ ಯಂತ್ರದ ಚಿಂತೆ ಆಮೇಲೆ, ಮಾಹಿತಿಯ ಚಿಂತೆ ಮೊದಲು.

1. ಸದ್ದು ಬರುತ್ತಿದ್ದರೆ ತಕ್ಷಣ ಆಫ್

ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಒಳಗಿಂದ ‘ಟಕ್ ಟಕ್’ ಎಂದೋ ಕೆರೆದ ಹಾಗೋ ಸದ್ದು ಬರುತ್ತಿದೆಯೆ? ಹೌದಾದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲು ಹೇಳಿ. ಮತ್ತೆ ಆನ್ ಮಾಡುವುದು ಬೇಡವೇ ಬೇಡ.

ಕಾರಣ ಗೊತ್ತಿದ್ದರೆ ಮನೆಯವರು ಮಾತು ಕೇಳುತ್ತಾರೆ. ಹಳೇ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ತಟ್ಟೆಯ ಅಂಚು ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೊಮೀಟರ್. ಇಷ್ಟು ಹತ್ತಿರದಲ್ಲಿರುವ ಹೆಡ್ ತಟ್ಟೆಗೆ ತಾಗಿದರೆ ಮೇಲಿನ ಲೇಪ ಕೆರೆದುಹೋಗುತ್ತದೆ, ಎದ್ದ ಪುಡಿ ಬೇರೆ ಕಡೆಯೂ ಕೆರೆಯುತ್ತದೆ. ಲೇಪ ಹೋದ ಜಾಗದ ಮಾಹಿತಿಯನ್ನು ಯಾರೂ ಮರಳಿ ತರಲಾರರು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡೋಣ’ ಎನ್ನುವ ಮಾತು ಟಿವಿಗೆ ಸರಿ, ಸದ್ದು ಮಾಡುವ ಡಿಸ್ಕಿಗೆ ಸಲ್ಲದು.

2. ‘ಏನ್ ಮಾಡಿದ್ರಿ?’ ಎಂದು ಕೇಳಬೇಡಿ

ಹಾಗೆ ಕೇಳಿದರೆ ಅಪ್ಪ ‘ಏನೂ ಮಾಡಿಲ್ಲ ಮಾರಾಯ’ ಎನ್ನುತ್ತಾರೆ, ನಿಮಗೆ ಬೇಕಾದ ಸುಳಿವು ಅಲ್ಲಿಗೆ ಮುಚ್ಚಿಹೋಗುತ್ತದೆ. ‘ಪರದೆ ಮೇಲೆ ಏನಿದೆಯೋ ಹಾಗೇ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿ’ ಅನ್ನಿ. ಕೆಳಗೆ ಬಿದ್ದಿತ್ತೆ, ಕರೆಂಟ್ ಹೋದಾಗ ತಾನಾಗಿ ಆರಿತೆ, ಜೀಪಿನಲ್ಲಿ ಎಲ್ಲಿಗಾದರೂ ಹೋಗಿತ್ತೆ, ಯಾವಾಗಿನಿಂದ ನಿಧಾನವಾಗಿದೆ ಎಂಬುದನ್ನೆಲ್ಲ ಮಾತಿನ ನಡುವೆ ಸಮಾಧಾನವಾಗಿ ಕೇಳಿ. ರೋಗ ಪತ್ತೆಯ ಅರ್ಧ ಕೆಲಸ ಇಲ್ಲೇ ಆಗುತ್ತದೆ.

3. ಸಂದೇಶಗಳಲ್ಲಿ ಭೇದವಿದೆ

ಎಲ್ಲ ಎರರ್‌ಗಳೂ ಒಂದೇ ಅಲ್ಲ. ಎಚ್‌ಪಿ ಲ್ಯಾಪ್‌ಟಾಪ್‌ನಲ್ಲಿ ‘ಹಾರ್ಡ್ ಡಿಸ್ಕ್ 301’ ಎಂದು ಬಂದರೆ ಡಿಸ್ಕ್ ತಾನೇ ತನ್ನ ಸಾವನ್ನು ಮುನ್ಸೂಚಿಸುತ್ತಿದೆ ಎಂದರ್ಥ. ಅದೇ ಎಚ್‌ಪಿಯಲ್ಲಿ ‘3ಎಫ್0’ ಬಂದರೆ ಡಿಸ್ಕ್ ಕಾಣುತ್ತಿಲ್ಲ ಅಥವಾ ಅದರಲ್ಲಿ ವಿಂಡೋಸ್ ಸಿಗುತ್ತಿಲ್ಲ. ಇದಕ್ಕೆ ಸಡಿಲಗೊಂಡ ಕನೆಕ್ಟರ್ ಕೂಡ ಕಾರಣವಿರಬಹುದು. ಡೆಲ್‌ನಲ್ಲಿ ‘2000-0142’ ಎಂದರೆ ಡಿಸ್ಕ್ ಸ್ವಯಂ ಪರೀಕ್ಷೆಯಲ್ಲಿ ಫೇಲಾಗಿದೆ. ಎಚ್‌ಪಿಗೆ ಎಫ್2, ಡೆಲ್‌ಗೆ ಎಫ್12 ಒತ್ತಿದರೆ ವಿಂಡೋಸ್ ಇಲ್ಲದೆಯೇ ನಡೆಯುವ ಪರೀಕ್ಷೆಗಳು ತೆರೆಯುತ್ತವೆ. ಸದ್ದು ಇಲ್ಲದಿದ್ದರೆ ಮಾತ್ರ ಅದರಲ್ಲಿ ಚಿಕ್ಕ ಪರೀಕ್ಷೆ ಮಾಡಿಸಿ. ಗಂಟೆಗಟ್ಟಲೆ ನಡೆಯುವ ದೊಡ್ಡ ಪರೀಕ್ಷೆ ನಕಲು ತೆಗೆದ ಮೇಲೆ. ಅಂದಹಾಗೆ, ನೀಲಿ ಪರದೆ ಬಂದ ಮಾತ್ರಕ್ಕೆ ಡಿಸ್ಕನ್ನೇ ದೂರಬೇಡಿ. ಕೆಟ್ಟ ರ್‍ಯಾಮ್ ಕೂಡ ಅದನ್ನೇ ಮಾಡುತ್ತದೆ.

4. ಮಲೆನಾಡಿನ ಕಾರಣಗಳನ್ನು ಹುಡುಕಿ

ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರುತ್ತದೆ, ಸದಾ ಚಾರ್ಜರ್ ಮೇಲೇ ಓಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಪ್ರತಿ ಸಲ ಕರೆಂಟ್ ಹೋದಾಗಲೂ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಕೆಟ್ಟದ್ದು ಬಹುಪಾಲು ಫೈಲ್ ವ್ಯವಸ್ಥೆಯ ದೋಷ, ಡಿಸ್ಕಿನ ದೇಹ ಚೆನ್ನಾಗಿಯೇ ಇರುತ್ತದೆ. ಬ್ಯಾಟರಿ ಬದಲಿಸಿದರೆ ಅಥವಾ ಇನ್ವರ್ಟರ್ ಲೈನಿಗೆ ಸಿಕ್ಕಿಸಿದರೆ ಮುಂದೆ ಆ ಕಾಟ ಇರುವುದಿಲ್ಲ.

ಎರಡನೆಯದು ತೇವ. ಬೂಟಿನೊಳಗೂ ಬೂಷ್ಟು ಬೆಳೆಯುವ ಜುಲೈ ತಿಂಗಳಲ್ಲಿ ಡಿಸ್ಕಿನ ಪಿನ್ನುಗಳ ಮೇಲೂ ಮಂಕು ಕೂರುತ್ತದೆ. ಆಫ್ ಮಾಡಿ, ಬ್ಯಾಟರಿ ಕಳಚಿ, ಡಿಸ್ಕ್ ಹೊರತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಪಿನ್ನುಗಳನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಸರಿಯಾಗಿ ಕೂರಿಸಿ. ‘ಡಿಸ್ಕ್ ಕಾಣುತ್ತಿಲ್ಲ’ ಎಂಬ ದೂರು ಇಷ್ಟಕ್ಕೇ ಮುಗಿಯುವುದುಂಟು.

ಡಿಸ್ಕ್ ತಯಾರಕರು ಎಂಥ ತೇವಾಂಶ ಆಗಬಹುದೆಂದು ಹೇಳುವಾಗಲೂ ಒಂದು ಷರತ್ತು ಹಾಕುತ್ತಾರೆ: ಹನಿಗಟ್ಟಬಾರದು. ಮಳೆಯಲ್ಲಿ ತಣ್ಣಗಾದ ಜೀಪಿನಿಂದ ಲ್ಯಾಪ್‌ಟಾಪ್ ಇಳಿಸಿ ಬೆಚ್ಚಗಿನ ಕೋಣೆಯಲ್ಲಿ ತಕ್ಷಣ ಆನ್ ಮಾಡಿದರೆ ಹನಿಗಟ್ಟುವ ಅಪಾಯವಿದೆ. ಒಂದೆರಡು ಗಂಟೆ ಬ್ಯಾಗಿನಲ್ಲೇ ಇರಲಿ. ಒಣಗಿಸಲೆಂದು ಹಂಡೆ ಒಲೆಯ ದಂಡೆಯ ಮೇಲೋ ಅಡುಗೆಮನೆಯ ಅಟ್ಟದ ಮೇಲೋ ಇಡಬೇಡಿ. ಹೊಗೆ, ಮಸಿ, ಬಿಸಿ ಮೂರೂ ಶತ್ರುಗಳು. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಸಾಕು.

ಮೂರನೆಯದು ರಸ್ತೆ. ಕಳಸದಿಂದ ಬಾಳೆಹೊನ್ನೂರಿಗೋ ಚಿಕ್ಕಮಗಳೂರಿಗೋ ಒಯ್ಯುವಾಗ ಮುಚ್ಚಳ ಮಾತ್ರ ಮುಚ್ಚಿ ಹೊರಡಬೇಡಿ, ಪೂರ್ತಿ ಶಟ್‌ಡೌನ್ ಮಾಡಿ. ತಿರುಗುತ್ತಿರುವ ಡಿಸ್ಕಿಗೆ ಹೋಲಿಸಿದರೆ ನಿಂತ ಡಿಸ್ಕ್ ಎರಡು ಪಟ್ಟಿಗೂ ಹೆಚ್ಚಿನ ಹೊಡೆತ ತಡೆಯುತ್ತದೆ.

5. ಡಿಸ್ಕಿನ ಆರೋಗ್ಯಪತ್ರ ಓದಿ

ಪ್ರತಿ ಡಿಸ್ಕ್ ತನ್ನ ಕಾಯಿಲೆಯ ದಾಖಲೆಯನ್ನು ತಾನೇ ಬರೆದಿಡುತ್ತದೆ. ಸ್ಮಾರ್ಟ್ ಎಂದು ಕರೆಯುವ ಈ ದಾಖಲೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಉದ್ದದ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 05: ಕೆಟ್ಟು ಬದಲಿ ಜಾಗಕ್ಕೆ ಕಳಿಸಲಾದ ಸೆಕ್ಟರ್‌ಗಳು. ಸಿ5: ಓದಲಾಗದೆ ತೀರ್ಪಿಗೆ ಕಾದಿರುವ ಸೆಕ್ಟರ್‌ಗಳು. ಸಿ6: ಸರಿಪಡಿಸಲಾಗದವು. ಸಿ7: ಕೇಬಲ್ಲಿನಲ್ಲಿ ಆದ ತಪ್ಪುಗಳು. ಸಿ5, ಸಿ6 ಸೊನ್ನೆ ಇದ್ದು ಸಿ7 ಮಾತ್ರ ಏರುತ್ತಿದ್ದರೆ ಮೊದಲ ಅನುಮಾನ ಕನೆಕ್ಟರ್ ಮೇಲೆ. ಸಿ5ನಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಆ ಡಿಸ್ಕನ್ನು ನಾನು ನಂಬುವುದಿಲ್ಲ.

ಇದು ನನ್ನೊಬ್ಬನ ಹಟವಲ್ಲ. ಗೂಗಲ್‌ನ ಸಂಶೋಧಕರು ತಮ್ಮ ಕಂಪನಿಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿದೆ. ಅದೇ ಪ್ರಬಂಧದ ಇನ್ನೊಂದು ಮಾತನ್ನೂ ಮರೆಯಬಾರದು: ಕೆಟ್ಟ ಡಿಸ್ಕ್‌ಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಹಸಿರು ಬಣ್ಣದಲ್ಲಿ ‘ಗುಡ್’ ಎಂದು ಕಂಡರೂ ನಕಲು ತೆಗೆಯುವುದು ತಪ್ಪುವುದಿಲ್ಲ.

6. ಮತ್ತೆ ಸಿಗದ್ದು ಯಾವುದು? ಅದನ್ನೇ ಮೊದಲು ತೆಗೆಯಿರಿ

ಸಾಯುತ್ತಿರುವ ಡಿಸ್ಕ್ ಇನ್ನೆಷ್ಟು ಹೊತ್ತು ಓದಲು ಬಿಡುತ್ತದೋ ಯಾರೂ ಹೇಳಲಾರರು. ಅದಕ್ಕೇ, ಕೆಲಸ ಶುರುಮಾಡುವ ಮುನ್ನ ಅಪ್ಪ ಅಮ್ಮನ ಜೊತೆ ಕೂತು ಒಂದು ಪಟ್ಟಿ ಮಾಡಿ. ಹೆಚ್ಚಿನವರು ಪಹಣಿ, ಆಧಾರ್, ಕ್ರಯಪತ್ರದ ಸ್ಕ್ಯಾನ್‌ಗಳಿಗಾಗಿ ಗಾಬರಿಯಾಗುತ್ತಾರೆ. ಗಾಬರಿ ಬೇಡ. ಪಹಣಿ ‘ಭೂಮಿ’ಯಲ್ಲಿ ಯಾವತ್ತೂ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ತೆರಿಗೆ ರಿಟರ್ನ್ ಪೋರ್ಟಲ್‌ನಲ್ಲಿದೆ.

ಮತ್ತೆ ಸಿಗದಿರುವುದು ಮಳೆ ಲೆಕ್ಕ. ಅಂಗಳದ ಮಳೆಮಾಪಕದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟ್‌ನಲ್ಲಿ ಬರೆದಿಡುವ ಪದ್ಧತಿ ಈ ಸೀಮೆಯ ಬೆಳೆಗಾರರಲ್ಲಿ ಬಹಳ ಹಳೆಯದು. ಪುಸ್ತಕದಿಂದ ಎಕ್ಸೆಲ್‌ಗೆ ಬಂದ ಅಂಥ ಒಂದು ಹಾಳೆಯನ್ನು ತೆರೆದು ನೋಡಿ: ತಾರೀಕು, ಇಂಚು, ಸೆಂಟ್, ಕೊನೆಗೆ ‘ಷರಾ’ ಎಂಬ ಕಾಲಂ. ಆ ಷರಾದಲ್ಲಿ ‘ಹೂ ಮಳೆ’, ‘ಆಲಿಕಲ್ಲು, ಕೆಳಗಿನ ಬ್ಲಾಕಿಗೆ ಪೆಟ್ಟು’, ‘ಬೋರ್ಡೋ ಅರ್ಧಕ್ಕೆ ನಿಂತಿತು’ ಎಂದೆಲ್ಲ ಇರುತ್ತದೆ. ಹೂ ಮಳೆ ಯಾವ ವರ್ಷ ಎಂದು ಬಿತ್ತು, ಅದಾದ ಮೇಲೆ ಕಾಯಿಕಟ್ಟಲು ಎರಡನೇ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆಯೇ ಆ ವರ್ಷದ ಫಸಲು ನಿಂತಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ, ಒಳ್ಳೆಯದೇ. ಆದರೆ ಮಲೆನಾಡಿನ ಮಳೆ ಗುಡ್ಡದಿಂದ ಗುಡ್ಡಕ್ಕೆ ಬೇರೆ. ನಿಮ್ಮ ತೋಟದ ಮೇಲೆ ಇಪ್ಪತ್ತು ವರ್ಷದ ಹಿಂದೆ ಬಿದ್ದ ಮಳೆಯ ಲೆಕ್ಕ ನಿಮ್ಮ ಅಪ್ಪನ ಬಳಿ ಮಾತ್ರ ಇದೆ. ಪಟ್ಟಿಯಲ್ಲಿ ಅದು ಮೊದಲನೆಯದು.

ಆಮೇಲೆ ಫೋಟೊಗಳು. ಆಮೇಲೆ ಚೆಕ್‌ರೋಲ್ ಮತ್ತು ಟ್ಯಾಲಿ. ಟ್ಯಾಲಿಯ ಡೇಟಾ ಫೋಲ್ಡರ್ ಸಾಮಾನ್ಯವಾಗಿ ‘ಡಾಕ್ಯುಮೆಂಟ್ಸ್’ ಒಳಗೆ ಇರುವುದಿಲ್ಲ, ಬೇರೆ ಕಡೆ ಹುಡುಕಬೇಕು. ಡೆಸ್ಕ್‌ಟಾಪ್ ಮೇಲೆ ‘ನ್ಯೂ ಫೋಲ್ಡರ್’ ಎಂಬ ಹೆಸರಿನಲ್ಲೇ ಉಳಿದ ಫೋಲ್ಡರ್‌ಗಳನ್ನು ಬಿಡಬೇಡಿ, ಬಹಳ ಮನೆಗಳಲ್ಲಿ ಬೆಲೆಬಾಳುವುದು ಅಲ್ಲೇ ಇರುತ್ತದೆ.

7. ನುಡಿ, ಬರಹದ ಫೈಲಿದ್ದರೆ ಫಾಂಟನ್ನೂ ತನ್ನಿ

ಹಳೇ ಪತ್ರಗಳು, ಸಂಘದ ನಡಾವಳಿಗಳು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾಗಿದ್ದರೆ, ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಬಳಿಕ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಪಟ್ಟು ಹಿಡಿದಿದ್ದರು. ಇಂಥ ಫೈಲೊಂದು ಕೈಗೆ ಬಂದಾಗ ಅವರ ಕಾಳಜಿ ಎಷ್ಟು ಸಕಾಲಿಕವಾಗಿತ್ತೆಂದು ತಿಳಿಯುತ್ತದೆ.

8. ಕಾಪಿ-ಪೇಸ್ಟ್ ನೆಚ್ಚಿಕೊಳ್ಳಬೇಡಿ

ಪಟ್ಟಿಯ ಮೊದಲ ಕೆಲವು ಫೋಲ್ಡರ್‌ಗಳನ್ನು ಹೊರ ಡಿಸ್ಕಿಗೆ ಎಳೆದು ಹಾಕಿಕೊಳ್ಳಿ, ಅಡ್ಡಿಯಿಲ್ಲ. ಇಡೀ ಡಿಸ್ಕಿಗೆ ಈ ದಾರಿ ಆಗುವುದಿಲ್ಲ. ವಿಂಡೋಸ್ ಒಂದು ಕೆಟ್ಟ ಸೆಕ್ಟರ್ ಎದುರಾದರೆ ಅಲ್ಲೇ ಮತ್ತೆ ಮತ್ತೆ ತಡಕಾಡುತ್ತದೆ, ಆ ತಡಕಾಟದಲ್ಲೇ ಡಿಸ್ಕ್ ಸೋಲುತ್ತದೆ.

ಇದಕ್ಕೆ ನನ್ನ ಆಯ್ಕೆ ಜಿಎನ್‌ಯು ಡಿಡಿರೆಸ್ಕ್ಯೂ. ಉಚಿತ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಆ ಲಿನಕ್ಸ್‌ನಲ್ಲಿ ಇದನ್ನು ನಡೆಸಬೇಕು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ. ಕಷ್ಟದ ತುಣುಕುಗಳಿಗೆ ಕೊನೆಯಲ್ಲಿ ಮರಳುತ್ತದೆ. ಪರದೆಯ ಮೇಲೆ ಎಷ್ಟು ಸಿಕ್ಕಿತು, ಎಷ್ಟು ಕೆಟ್ಟಿದೆ, ಇನ್ನೆಷ್ಟು ಹೊತ್ತು ಎಂಬುದು ಕಾಣುತ್ತಿರುತ್ತದೆ. ಶೇ 99 ದಾಟಿದ ಮೇಲೆ ವೇಗ ಸೆಕೆಂಡಿಗೆ ಹತ್ತಾರು ಮೆಗಾಬೈಟ್‌ನಿಂದ ಕೆಲವೇ ಕಿಲೋಬೈಟ್‌ಗೆ ಇಳಿದರೆ ಕಂಗೆಡಬೇಡಿ, ಅದು ಕಷ್ಟದ ಜಾಗಕ್ಕೆ ಬಂದಿದೆ ಅಷ್ಟೇ.

ನಮ್ಮೂರಿಗೆ ಇದು ಹೇಳಿ ಮಾಡಿಸಿದಂತಿರುವುದು ಇನ್ನೊಂದು ಕಾರಣಕ್ಕೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಅದು ಮ್ಯಾಪ್ ಫೈಲ್ ಒಂದರಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೆ, ಬಂದ ಮೇಲೆ ಅದೇ ಆಜ್ಞೆ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಒಂದೇ ಷರತ್ತು: ಆ ಮ್ಯಾಪ್ ಫೈಲ್ ಪೆನ್‌ಡ್ರೈವ್‌ನ ತಾತ್ಕಾಲಿಕ ಜಾಗದಲ್ಲಿ ಇರಬಾರದು, ಹೊರ ಡಿಸ್ಕಿನಲ್ಲಿ ಇರಬೇಕು. ಎಂಟರ್ ಒತ್ತುವ ಮುನ್ನ ಯಾವುದು ಹಳೆಯದು, ಯಾವುದು ಹೊಸದು ಎಂದು ಡಿಸ್ಕಿನ ಗಾತ್ರ, ಮಾಡೆಲ್ ಸಂಖ್ಯೆ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ತಿರುಗುಮುರುಗಾದರೆ ಹಳೆಯದರ ಮೇಲೆ ಖಾಲಿ ಬರೆದಂತಾಗುತ್ತದೆ. ಹೊಸ ಡಿಸ್ಕಿನಲ್ಲಿ ಹಳೆಯದಕ್ಕಿಂತ ಹೆಚ್ಚು ಜಾಗವಿರಲಿ. ಟೇಬಲ್ ಫ್ಯಾನ್ ಹಾಕಿ ತಂಪಾಗಿಡಿ.

ಅಳಿಸಿಹೋದ ಫೋಟೊಗಳನ್ನು ಹುಡುಕಲು ಫೋಟೊರೆಕ್ ಇದೆ. ಅದನ್ನು ಈ ನಕಲಿನ ಮೇಲೆ ನಡೆಸಿ, ಮೂಲದ ಮೇಲೆ ಬೇಡ.

9. ಚೆಕ್‌ಡಿಸ್ಕ್‌ಗೆ ಅವಸರ ಬೇಡ

ಯಾರನ್ನು ಕೇಳಿದರೂ ಮೊದಲು ಹೇಳುವುದು ‘ಚೆಕ್‌ಡಿಸ್ಕ್ ಹಾಕಿ’ ಎಂದು. ಅದು ಫೈಲ್ ವ್ಯವಸ್ಥೆಯನ್ನು ಸರಿಮಾಡುವ ಸಾಧನ, ಅದಕ್ಕಾಗಿ ಡಿಸ್ಕಿನ ಮೇಲೆ ಬರೆಯುತ್ತದೆ. ‘ಸ್ಲ್ಯಾಷ್ ಆರ್’ ಸೇರಿಸಿದರೆ ಇಡೀ ಡಿಸ್ಕನ್ನು ಮೂಲೆ ಮೂಲೆ ಓದುತ್ತದೆ. ಒಂದು ಟೆರಾಬೈಟ್‌ನ ಆರೋಗ್ಯವಂತ ಡಿಸ್ಕಿಗೇ ಮೂರು ತಾಸು ಹಿಡಿಯುವ ಕೆಲಸ ಅದು, ಕಾಯಿಲೆ ಬಿದ್ದದ್ದಕ್ಕೆ ದಿನಗಳೇ ಬೇಕು. ನಕಲು ಕೈಯಲ್ಲಿದ್ದರೆ ಧಾರಾಳವಾಗಿ ನಡೆಸಿ. ಇಲ್ಲದಿದ್ದರೆ ಬೂಟ್ ಆಗುವಾಗ ತಾನಾಗಿ ಬರುವ ಡಿಸ್ಕ್ ತಪಾಸಣೆಯನ್ನೂ ಯಾವುದಾದರೊಂದು ಕೀ ಒತ್ತಿ ತಪ್ಪಿಸಿ, ಅದಕ್ಕೆ ಕೆಲವೇ ಸೆಕೆಂಡ್ ಸಮಯವಿರುತ್ತದೆ. ವಿಂಡೋಸ್ ಮರುಸ್ಥಾಪಿಸುವ ಮಾತು ನಕಲು ಸಿಗುವವರೆಗೆ ಎತ್ತಲೇಬೇಡಿ.

10. ಬಿಟ್‌ಲಾಕರ್ ಕೀಲಿಯನ್ನು ಈಗಲೇ ಬರೆದಿಡಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಗೂಢಲಿಪಿಗೆ ಹೋಗಿರುವುದುಂಟು. ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಆ ಕೀ ಖಾತೆಯಲ್ಲಿರುತ್ತದೆ, ಖಾತೆ ತೆರೆದವರು ಯಾರೋ, ಪಾಸ್‌ವರ್ಡ್ ಏನೋ! ಡಿಸ್ಕ್ ಚೆನ್ನಾಗಿರುವಾಗಲೇ ಕೀಯನ್ನು ಕಾಗದದ ಮೇಲೆ ಬರೆದು ತೋಟದ ಕಾಗದಪತ್ರಗಳ ಜೊತೆ ಬೀರುವಿನಲ್ಲಿಡಿ.

11. ಬಿಚ್ಚಬೇಡಿ, ತಟ್ಟಬೇಡಿ, ಫ್ರಿಜ್ಜಿನಲ್ಲಿಡಬೇಡಿ

ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಬದುಕುತ್ತದೆ ಎಂಬ ಹಳೇ ಸಲಹೆ ಇನ್ನೂ ಓಡಾಡುತ್ತಿದೆ. ನಮ್ಮ ತೇವದಲ್ಲಿ ಅದು ಹೊರಗೆ ಬಂದ ಕ್ಷಣ ಹನಿಗಟ್ಟುತ್ತದೆ. ಸದ್ದು ಮಾಡುವ ಡಿಸ್ಕಿನ ಮುಚ್ಚಳ ತೆಗೆಯಬೇಕಾದದ್ದು ಧೂಳಿಲ್ಲದ ಕ್ಲೀನ್ ರೂಮಿನಲ್ಲಿ, ಅಂಥ ಪ್ರಯೋಗಾಲಯಗಳಿಗೆ ಬೆಂಗಳೂರಿಗೇ ಹೋಗಬೇಕು. ಖರ್ಚು ದೊಡ್ಡದು. ಮೊದಲೇ ಅಂದಾಜು ಕೇಳಿ, ಮಾಹಿತಿ ಸಿಗದಿದ್ದರೆ ಎಷ್ಟು ಕೊಡಬೇಕೆಂದೂ ಕೇಳಿ, ಬರಹದಲ್ಲಿ ಪಡೆಯಿರಿ. ಬಸ್ ಪಾರ್ಸೆಲ್‌ಗೆ ಹಾಕದೆ ಯಾರಾದರೂ ಕೈಯಲ್ಲೇ ಒಯ್ಯಲಿ.

12. ಹೊಸದು ಹಾಕುವಾಗ ಎಸ್‌ಎಸ್‌ಡಿ

ತಿರುಗುವ ತಟ್ಟೆ ಇಲ್ಲ, ಜೀಪಿನ ಕುಲುಕಾಟಕ್ಕೆ ಹೆದರಬೇಕಿಲ್ಲ, ಹಳೇ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತದೆ. ಆದರೆ ಎಸ್‌ಎಸ್‌ಡಿ ಸದ್ದಿಲ್ಲದೆ ಒಮ್ಮೆಗೇ ಸಾಯುತ್ತದೆ, ಅದರಿಂದ ಅಳಿಸಿದ ಫೈಲ್ ಬಹುಮಟ್ಟಿಗೆ ಮರಳುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ವಿಂಡೋಸ್ 11 ತಾಳದಿದ್ದರೆ ಲಿನಕ್ಸ್ ಹಾಕಿಕೊಡಿ. ಎಕ್ಸೆಲ್ ಹಾಳೆಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ, ಟ್ಯಾಲಿ ಬಳಸುವವರು ಮಾತ್ರ ಮೊದಲು ಅಕೌಂಟೆಂಟ್ ಹತ್ತಿರ ಕೇಳಿಕೊಳ್ಳಬೇಕು.

13. ಒಂದು ಪ್ರತಿ ಬೆಟ್ಟದ ಆಚೆ ಇರಲಿ

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಕೊನೆಯದರ ತೂಕ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದು ಮನೆಗಳೇ ಹೋದವು. ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಒಂದೇ ಕಪಾಟಿನಲ್ಲಿದ್ದರೆ ಅಂಥ ದಿನ ಎರಡೂ ಹೋಗುತ್ತವೆ.

ಕ್ಲೌಡ್ ಸಾಲದೆ ಎಂದು ಕೇಳಬಹುದು. ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಸಿಗುವ ಕಡೆ 100 ಗಿಗಾಬೈಟ್ ಕಳಿಸಲು ಎಡೆಬಿಡದೆ ನಾಲ್ಕೂವರೆ ದಿನ ಬೇಕು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವಂಥ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಮಳೆ ಲೆಕ್ಕ, ಚೆಕ್‌ರೋಲ್‌ನಂಥ ಚಿಕ್ಕ ಫೈಲುಗಳನ್ನು ಕ್ಲೌಡ್‌ಗೆ ಬಿಡಿ. ಫೋಟೊಗಳಿಗೆ ಎರಡು ಹೊರ ಡಿಸ್ಕ್ ಇಟ್ಟುಕೊಳ್ಳಿ: ಒಂದು ತೋಟದಲ್ಲಿ, ಒಂದು ಬೆಂಗಳೂರಿನಲ್ಲಿ. ಯುಗಾದಿಗೆ ಬಂದಾಗ ಅದಲು ಬದಲು, ದೀಪಾವಳಿಗೆ ಬಂದಾಗ ಮತ್ತೆ ಅದಲು ಬದಲು. ಪ್ರತಿ ಸಲವೂ ನಕಲಿನಿಂದ ಎರಡು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

14. ಮನೆಯವರ ಕೈಯಿಂದಲೇ ಮಾಡಿಸಿ

ನೀವು ಕೂತು ಎಲ್ಲ ಮುಗಿಸಿ ಹೊರಟರೆ ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಫೋನ್. ‘ವಾರಕ್ಕೊಮ್ಮೆ ಈ ಡಿಸ್ಕ್ ಸಿಕ್ಕಿಸಿ, ಈ ಚಿತ್ರದ ಮೇಲೆ ಎರಡು ಸಲ ಒತ್ತಿ, ಮುಗಿಯಿತು ಎಂದು ಬಂದ ಮೇಲೆ ಕಳಚಿ’ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಲ್ಯಾಪ್‌ಟಾಪ್ ಮುಚ್ಚಳದ ಒಳಗೆ ಅಂಟಿಸಿ. ನಿಮ್ಮೆದುರಿಗೇ ಅಮ್ಮನ ಕೈಯಿಂದ ಒಮ್ಮೆ ಮಾಡಿಸಿ. ಪ್ರತಿದಿನ ಮಳೆ ಅಳೆದು ಬರೆಯುವ ಶಿಸ್ತು ಇರುವ ಮನೆಗೆ ವಾರಕ್ಕೊಂದು ನಕಲು ಭಾರವಲ್ಲ. ಕಾಗದದ ಮಳೆ ಪುಸ್ತಕವನ್ನೂ ನಿಲ್ಲಿಸಬೇಡಿ ಎಂದು ಹೇಳಿ.

ಈ ಶನಿವಾರ ಊರಿನ ಬಸ್ ಹತ್ತುವವರು ಬ್ಯಾಗಿಗೆ ಒಂದು ಹೊರ ಡಿಸ್ಕ್ ಹಾಕಿಕೊಳ್ಳಿ, ಭಾನುವಾರ ರಾತ್ರಿ ಮರಳುವಾಗ ತುಂಬಿಸಿಕೊಂಡು ಬನ್ನಿ.